ಬಾವು ಇಳಿಸುವ ಅವಸರ

ಕಲಬುರಗಿಯಲ್ಲಿ ಮಕ್ಕಳ ಡಾಕ್ಟರಾಗಿದ್ದೇನೆ. ನೆಫ್ರೋಟಿಕ್ ಸಿಂಡ್ರೋಮ್, ಅಂದರೆ ಕಿಡ್ನಿಯಿಂದ ಪ್ರೋಟೀನ್ ಮೂತ್ರದಲ್ಲಿ ಸೋರಿ ಮೈ ಬಾಯುವ ಕಾಯಿಲೆ, ಇರುವ ಮಗು ಬಂದರೆ ಮೊದಲೆಲ್ಲ ನನ್ನ ಕಣ್ಣು ಬಾವಿನ ಮೇಲೇ ಇರುತ್ತಿತ್ತು. ಈಗ ಮೊದಲು ಪಾದ ಮುಟ್ಟಿ ನೋಡುತ್ತೇನೆ, ತಣ್ಣಗಿದೆಯಾ ಅಂತ. ಇದನ್ನು ಕಲಿಸಿದ್ದು ಜೇವರ್ಗಿ ಕಡೆಯ ಐದು ವರ್ಷದ ಹುಡುಗ.

ಮೇ ತಿಂಗಳ ಬಿಸಿಲು. ಮುಖ ಬಾತು ಕಣ್ಣು ಗೆರೆಯಾಗಿದ್ದವು. ರಕ್ತದಲ್ಲಿ ನೀರು ಹಿಡಿದಿಡುವ ಪ್ರೋಟೀನ್ ಅಲ್ಬುಮಿನ್ ಬರೀ 1.4. ಎರಡು ದಿನದಿಂದ ವಾಂತಿ, ಭೇದಿ. ಅದರ ಮೇಲೆ, ಬಾವು ಇಳಿಯಲಿ ಅಂತ ಬೇರೆ ಕಡೆ ಮೂತ್ರ ಹೋಗುವ ಇಂಜೆಕ್ಷನ್ ಕೊಟ್ಟಿದ್ದರು. "ತೆಲಿ ಭಾಳ ನೋಯ್ತದ ಅಂತಾನ್ರೀ ಮೇಡಂ, ಬಿಸಲಿಗೆ ಹಂಗ ಆಗಿರಬೇಕು" ಅಂದರು ತಾಯಿ. ನಾನೂ ಒಪ್ಪಿಬಿಡುತ್ತಿದ್ದೆನೇನೋ. ಆದರೆ ಹುಡುಗ ಕರೆದರೆ "ಹ್ಞೂ" ಅಂದು ಮತ್ತೆ ಮಂಪರಿಗೆ ಜಾರುತ್ತಿದ್ದ. ಅದು ಸುಮ್ನೆ ನಿದ್ದೆಯಲ್ಲ. ಸ್ಕ್ಯಾನ್ ಮಾಡಿಸಿದರೆ ಮೆದುಳಿನ ದೊಡ್ಡ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿತ್ತು.

ಮೈಯೆಲ್ಲ ನೀರು ತುಂಬಿದಂತೆ ಕಾಣುತ್ತದೆ, ಅಲ್ವಾ? ಆ ನೀರು ಚರ್ಮದ ಕೆಳಗಿದೆ, ರಕ್ತನಾಳದಲ್ಲಿ ಇಲ್ಲ. ಒಳಗೆ ನೀರು ಕಮ್ಮಿಯಾಗಿ ರಕ್ತ ಮಂದವಾಗಿರುತ್ತದೆ, ಪಾದ ತಣ್ಣಗಾಗುವುದೂ ಅದಕ್ಕೇ. ಹೆಪ್ಪುಗಟ್ಟದಂತೆ ಕಾಯುವ ಆಂಟಿಥ್ರಾಂಬಿನ್ ಕೂಡ ಅಲ್ಬುಮಿನ್ ಜೊತೆ ಮೂತ್ರದಲ್ಲಿ ಸೋರಿಹೋಗುತ್ತದೆ. ಅದೇ ಹೊತ್ತಿಗೆ ಲಿವರ್ ಹೆಪ್ಪುಗಟ್ಟಿಸುವ ಫೈಬ್ರಿನೋಜನ್ ಜಾಸ್ತಿ ತಯಾರಿಸುತ್ತದೆ. ಹೀಗಿರುವಾಗ ಭೇದಿಯಲ್ಲಿ ನೀರು ಹೋದರೆ, ಔಷಧಿ ಕೊಟ್ಟು ನಾವೂ ಇನ್ನಷ್ಟು ನೀರು ತೆಗೆದರೆ ಏನಾಗಬೇಕು? ಅಲ್ಬುಮಿನ್ 2ಕ್ಕಿಂತ ಕೆಳಗಿದ್ದರೆ ನನಗೆ ಭಯ ಜಾಸ್ತಿ.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎನಾಕ್ಸಪರಿನ್ ಇಂಜೆಕ್ಷನ್ ಶುರು ಮಾಡಿದೆವು, ಕೆಜಿಗೆ 1 ಮಿಗ್ರಾಂ, 12 ಗಂಟೆಗೊಮ್ಮೆ. ಈ ಔಷಧಿ ಕೆಲಸ ಮಾಡುವುದೇ ಆಂಟಿಥ್ರಾಂಬಿನ್ ಹಿಡಿದುಕೊಂಡು. ಅದೇ ಕಮ್ಮಿಯಿದ್ದರೆ ಮಾಮೂಲಿ ಡೋಸ್ ಸಾಲದೇ ಹೋಗಬಹುದು. ರಕ್ತ ಪರೀಕ್ಷೆ ನೋಡಿ ಹೆಚ್ಚಿಸಬೇಕಾಯಿತು. ಮನೆಗೆ ಹೋದ ಮೇಲೆ ಇಂಜೆಕ್ಷನ್ ಕೊಟ್ಟಿದ್ದು ತಾಯಿಯೇ. ವಾರ್ಡಿನಲ್ಲಿ ಕಲಿಯುವಾಗ ಮೊದಲ ದಿನ ಅವರ ಕೈ ನಡುಗಿ ಸೂಜಿ ಕೆಳಗಿಟ್ಟಿದ್ದರು. ನಾಲ್ಕನೇ ದಿನ ತೊಡೆಯ ಚರ್ಮ ಎರಡು ಬೆರಳಲ್ಲಿ ಎತ್ತಿ ಹಿಡಿದು, ಮಗನ ಜೊತೆ ಮಾತಾಡುತ್ತಲೇ ಚುಚ್ಚಿದರು.

ಈಗ ಇಂಥ ಮಕ್ಕಳಿಗೆ ತೊಡೆಸಂದಿನ ಸಿರೆಯಿಂದ ರಕ್ತ ತೆಗೆಯಲು ಬಿಡುವುದಿಲ್ಲ. ಅಲ್ಲೇ ಹೆಪ್ಪುಗಟ್ಟಬಹುದು. ಮಂಚದ ಮೇಲೇ ಮಲಗಿಸುವುದಿಲ್ಲ, ವರಾಂಡದಲ್ಲಿ ಓಡಾಡಿಸುತ್ತೇವೆ. ಭೇದಿ ಇದ್ದಾಗ ಮೂತ್ರದ ಔಷಧಿ ನಿಲ್ಲಿಸುತ್ತೇವೆ.

ದಿನಾ ಮೂತ್ರದ ಪ್ರೋಟೀನ್ ಬರೆದಿಡುವ ವಹಿಯ ಮೊದಲ ಪುಟದಲ್ಲಿ ನಾನೇ ಬರೆದು ಕೊಡುತ್ತೇನೆ: ಬಿಡದ ತಲೆನೋವು, ಮಂಪರು, ಫಿಟ್ಸ್, ಒಂದೇ ಕಾಲು ಜಾಸ್ತಿ ಬಾತು ನೋಯುವುದು, ಕೆಂಪು ಮೂತ್ರ, ಏದುಸಿರು. ಇದರಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯೇ ಬನ್ನಿ.