ಅಳಿದುಹೋದ ಕಲ್ಲಿದ್ದಲು ಊರಿನ ಚರಿತ್ರೆಯನ್ನು ಬರೆಯುವ ಬಗೆ: ನ್ಯೂ ಮೆಕ್ಸಿಕೋದ ಡಾಸನ್

ಗಣಿ ಕಂಪನಿಯೊಂದು ಕಟ್ಟಿದ ಊರಿನ ಚರಿತ್ರೆಯನ್ನು ಬರೆಯಲು ಹೊರಟವರಿಗೆ ಮೊದಲು ಕೈಗೆ ಸಿಗುವುದು ಕಂಪನಿಯ ಚರಿತ್ರೆಯೇ. ಯಾವ ವರ್ಷ ಜಮೀನು ಕೊಂಡರು, ಎಷ್ಟು ಟನ್ ಕಲ್ಲಿದ್ದಲು ತೆಗೆದರು, ರೈಲುಹಳಿಯನ್ನು ಎಲ್ಲಿಯವರೆಗೆ ಹಾಕಿದರು ಎಂಬುದೆಲ್ಲ ಅಚ್ಚುಕಟ್ಟಾಗಿ ದಾಖಲಾಗಿರುತ್ತದೆ. ಅಲ್ಲಿ ಬಾಳಿದವರ ಬದುಕು ಮಾತ್ರ ಹತ್ತಾರು ಕಡೆ ಚೆದುರಿರುತ್ತದೆ. ಅದನ್ನು ಒಟ್ಟುಗೂಡಿಸುವ ಕ್ರಮವನ್ನು ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಕಾಲ್‌ಫ್ಯಾಕ್ಸ್ ಕೌಂಟಿಯಲ್ಲಿದ್ದ ಡಾಸನ್ ಊರನ್ನು ಮುಂದಿಟ್ಟುಕೊಂಡು ವಿವರಿಸುತ್ತೇನೆ.

ಮೊದಲು ಊರಿನ ಕಾಲರೇಖೆಯನ್ನು ಒಂದೇ ಪುಟದಲ್ಲಿ ಬರೆದುಕೊಳ್ಳಿ; ಇದಕ್ಕೆ ಹೆಚ್ಚು ದಿನ ವ್ಯಯಿಸುವ ಅಗತ್ಯವಿಲ್ಲ. ಜಾನ್ ಬಾರ್ಕ್ಲಿ ಡಾಸನ್ ಎಂಬ ದನಗಾಹಿ ಜಮೀನುದಾರನಿಗೆ ಸೇರಿದ್ದ ನೆಲದಲ್ಲಿ 1901ರಲ್ಲಿ ಗಣಿಯ ಊರು ಹುಟ್ಟಿತು. 1906ರಲ್ಲಿ ಫೆಲ್ಪ್ಸ್ ಡಾಜ್ ಕಂಪನಿ ಅದನ್ನು ಕೊಂಡಿತು. ಅದು ತಾಮ್ರದ ಕಂಪನಿಯಾದ್ದರಿಂದ ಅದಿರು ಕರಗಿಸಲು ಕೋಕ್, ಅಂದರೆ ಕಲ್ಲಿದ್ದಲನ್ನು ಗಾಳಿಯಾಡದಂತೆ ಕಾಯಿಸಿ ಮಾಡುವ ಇಂಧನ, ಬೇಕಾಗಿತ್ತು. ಡಾಸನ್ನಿನ ಕಲ್ಲಿದ್ದಲಿನ ಮೇಲೆ ಅದು ಕಣ್ಣಿಟ್ಟದ್ದು ಆ ಕಾರಣದಿಂದ. ಊರು ಬೆಳೆದು ಸುಮಾರು 6,000 ಜನರನ್ನು ಮುಟ್ಟಿತು. ಆಸ್ಪತ್ರೆ, ಶಾಲೆ, ನಾಟಕಶಾಲೆ, ಈಜುಕೊಳ, ದೊಡ್ಡ ಅಂಗಡಿ ಎಲ್ಲವನ್ನೂ ಕಂಪನಿಯೇ ನಡೆಸುತ್ತಿತ್ತು. 1950ರ ಏಪ್ರಿಲ್‌ನಲ್ಲಿ ಗಣಿ ಮುಚ್ಚಿತು, ಕಟ್ಟಡಗಳನ್ನು ಕಳಚಿ ಮಾರಲಾಯಿತು. ಈ ಪುಟವನ್ನು ಎದುರಿಗೆ ಇಟ್ಟುಕೊಳ್ಳಿ, ಆದರೆ ಬರಹವನ್ನು ಇದರಿಂದ ಆರಂಭಿಸಬೇಡಿ. ಆರಂಭವಾಗಬೇಕಾದದ್ದು ಹೆಸರುಗಳಿಂದ.

ಡಾಸನ್ನಿನಂಥ ಊರಿನಲ್ಲಿ ಹೆಸರುಗಳ ಮೊದಲ ಪಟ್ಟಿ ಸತ್ತವರದು. 1913ರ ಅಕ್ಟೋಬರ್ 22ರಂದು ಸ್ಟ್ಯಾಗ್ ಕ್ಯಾನ್ಯನ್ 2ನೇ ಗಣಿಗೆ ಇಳಿದಿದ್ದವರಲ್ಲಿ ಜೀವಸಹಿತ ಹೊರಬಂದವರು 23 ಜನ. ರಕ್ಷಣೆಗೆಂದು ಒಳಹೋದ ಇಬ್ಬರನ್ನು ಸೇರಿಸಿ ಸಾವಿನ ಲೆಕ್ಕ 263ಕ್ಕೆ ನಿಂತಿತು. ಅವರಲ್ಲಿ 146 ಜನ ಇಟಲಿಯವರು, 36 ಜನ ಗ್ರೀಸಿನವರು. ಕೆಲಸಗಾರರು ಒಳಗಿರುವಾಗಲೇ, ಕಾನೂನಿಗೆ ವಿರುದ್ಧವಾಗಿ, ಸಿಡಿಮದ್ದು ಹೊತ್ತಿಸಿದ್ದರಿಂದ ಕಲ್ಲಿದ್ದಲಿನ ಧೂಳಿಗೆ ಬೆಂಕಿ ತಗುಲಿತ್ತು. 1923ರ ಫೆಬ್ರವರಿ 8ರಂದು 1ನೇ ಗಣಿಯಲ್ಲಿ ಬಂಡಿಗಳ ಸಾಲು ಹಳಿ ತಪ್ಪಿ ಮತ್ತೆ ಧೂಳು ಹೊತ್ತಿಕೊಂಡಿತು. ಆ ದಿನದ ಸಾವುಗಳನ್ನು ಕೆಲವು ದಾಖಲೆಗಳು 120 ಎಂದರೆ ಕೆಲವು 123 ಎನ್ನುತ್ತವೆ. ಹೀಗೆ ಲೆಕ್ಕ ಬೇರೆಯಾದಾಗ ಒಂದನ್ನು ಆರಿಸಿ ಇನ್ನೊಂದನ್ನು ಮರೆಮಾಡಬಾರದು. ಯಾವ ದಾಖಲೆ ಏನು ಹೇಳುತ್ತದೆಂದು ಎರಡನ್ನೂ ಬರೆದಿಡಿ, ಏಕೆಂದರೆ ಆ ವ್ಯತ್ಯಾಸದ ಹಿಂದೆ ಯಾರನ್ನು ಎಣಿಸಲಿಲ್ಲ ಎಂಬ ಪ್ರಶ್ನೆ ಇರಬಹುದು.

ಪ್ರತಿ ಹೆಸರಿಗೂ ಒಂದು ಪ್ರತ್ಯೇಕ ಚೀಟಿ ಮಾಡಿ. ಗುಮಾಸ್ತರು ಇಟಲಿ ಮತ್ತು ಗ್ರೀಸಿನ ಹೆಸರುಗಳನ್ನು ಕಿವಿಗೆ ಕೇಳಿಸಿದಂತೆ ಬರೆದುಕೊಂಡದ್ದರಿಂದ ಒಬ್ಬನೇ ಮನುಷ್ಯ ಮೂರು ಕಾಗದಗಳಲ್ಲಿ ಮೂವರಂತೆ ಕಾಣಿಸುವುದುಂಟು. ವಯಸ್ಸು, ಹುಟ್ಟಿದ ಊರು, ಜೊತೆಗೆ ವಾಸಿಸುತ್ತಿದ್ದವರು, ಈ ಮೂರರಲ್ಲಿ ಎರಡಾದರೂ ಹೊಂದುವವರೆಗೆ ಎರಡು ಚೀಟಿಗಳನ್ನು ಒಂದಾಗಿಸಬೇಡಿ.

ಮುಂದಿನ ಹಂತ ಜನಗಣತಿ. ಅಮೆರಿಕದ ಗಣತಿ ಹಾಳೆಗಳು 72 ವರ್ಷಗಳ ಬಳಿಕ ಸಾರ್ವಜನಿಕವಾಗುತ್ತವೆ; ಹೀಗಾಗಿ 1910ರಿಂದ 1950ರವರೆಗಿನ ಐದೂ ಗಣತಿಗಳು ಈಗ ಓದಲು ದೊರೆಯುತ್ತವೆ. 1950ರ ಗಣತಿ ಆ ವರ್ಷದ ಏಪ್ರಿಲ್ 1ರ ಲೆಕ್ಕ, ಡಾಸನ್ ಗಣಿ ಮುಚ್ಚಿದ್ದು ಅದೇ ತಿಂಗಳ ಕೊನೆಗೆ. ಊರು ಖಾಲಿಯಾಗುವ ಹೊಸ್ತಿಲಲ್ಲಿ ಯಾರು ಉಳಿದಿದ್ದರೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ಕಾಗದವಿಲ್ಲ. ಹಾಳೆಯನ್ನು ಓದುವಾಗ ನಿಮಗೆ ಬೇಕಾದ ಮನೆತನವನ್ನಷ್ಟೇ ಹುಡುಕದೆ ಅದರ ಹಿಂದುಮುಂದಿನ ಹತ್ತು ಮನೆಗಳನ್ನೂ ಬರೆದುಕೊಳ್ಳಿ, ಏಕೆಂದರೆ ಗಣತಿದಾರ ಮನೆಯಿಂದ ಮನೆಗೆ ನಡೆದ ಕ್ರಮವೇ ನಿಮಗೆ ಉಳಿದಿರುವ ಬೀದಿಯ ನಕ್ಷೆ. 1910ರಿಂದ 1940ರವರೆಗಿನ ಹಾಳೆಗಳಲ್ಲಿರುವ, ಮನೆ ಸ್ವಂತದ್ದೋ ಬಾಡಿಗೆಯದೋ ಎಂಬ ಕಲಂ ಇಂಥ ಊರಿನಲ್ಲಿ ಪುಟದ ನಂತರ ಪುಟ ಬಾಡಿಗೆ ಎಂದೇ ಹೇಳುತ್ತದೆ.

ಅದಕ್ಕಿಂತ ಗಮನವಿಟ್ಟು ನೋಡಬೇಕಾದ ಕಲಂ ಉದ್ಯೋಗದ್ದು. ಗಣಿ ಊರುಗಳಲ್ಲಿ ಒಂದೊಂದು ಕುಟುಂಬದ ಜೊತೆ ಮೂರು, ನಾಲ್ಕು, ಕೆಲವೊಮ್ಮೆ ಇನ್ನೂ ಹೆಚ್ಚು ಜನ ಒಂಟಿ ಗಂಡಸರು ಊಟ-ವಸತಿಗೆ ಹಣ ಕೊಟ್ಟು ಇರುತ್ತಿದ್ದರು. ಅವರೆಲ್ಲರಿಗೂ ಅಡುಗೆ ಮಾಡಿ, ಕಲ್ಲಿದ್ದಲಿನ ಮಸಿ ಹಿಡಿದ ಬಟ್ಟೆ ಒಗೆದು, ಪಾಳಿಗೆ ತಕ್ಕಂತೆ ಬುತ್ತಿ ಕಟ್ಟುತ್ತಿದ್ದ ಹೆಂಗಸಿನ ಹೆಸರಿನ ಮುಂದೆ ಬಹಳಷ್ಟು ಕಡೆ ಉದ್ಯೋಗ ಇಲ್ಲ ಎಂದು ಬರೆದಿರುತ್ತದೆ. ಕಂಪನಿಯ ಸಂಬಳದ ಪುಸ್ತಕದಲ್ಲಿಯೂ ಆಕೆ ಇರುವುದಿಲ್ಲ. ಆದ್ದರಿಂದ ಪ್ರತಿ ಮನೆಯಲ್ಲಿದ್ದ, ಕುಟುಂಬದವರಲ್ಲದ ಈ ಬಾಡಿಗೆ ವಾಸಿಗಳನ್ನು ಎಣಿಸಿ, ಆ ಎಣಿಕೆಯನ್ನು ಆಕೆಯ ಚೀಟಿಯಲ್ಲಿ ಬರೆಯಿರಿ. ಊರಿನ ಅರ್ಧದಷ್ಟು ದುಡಿಮೆ ಈ ಒಂದು ಸಣ್ಣ ಲೆಕ್ಕದಿಂದ ಬೆಳಕಿಗೆ ಬರುತ್ತದೆ, ಇದನ್ನು ಬಿಟ್ಟು ಬರೆದ ಗಣಿ ಊರಿನ ಚರಿತ್ರೆಯನ್ನು ನಾನು ಪೂರ್ಣವೆಂದು ಒಪ್ಪಲಾರೆ.

ಜಮೀನು ನೋಂದಣಿ ಪುಸ್ತಕಗಳಲ್ಲಿ ಹೆಚ್ಚು ಹುಡುಕಬೇಡಿ. ಮನೆಗಳೆಲ್ಲ ಕಂಪನಿಯವಾಗಿದ್ದ ಕಡೆ ಅವು ಜನರ ಬಗ್ಗೆ ಮೌನವಾಗಿರುತ್ತವೆ. ಕೌಂಟಿಯ ಆಡಳಿತ ಕೇಂದ್ರವಾದ ರಾಟೋನ್ ಪಟ್ಟಣದ ನ್ಯಾಯಾಲಯದ ಕಾಗದಗಳು, ಅದರಲ್ಲೂ ಮದುವೆಯ ದಾಖಲೆ ಮತ್ತು ಪೌರತ್ವದ ಅರ್ಜಿಗಳು, ಹೆಚ್ಚು ಫಲ ಕೊಡುತ್ತವೆ. ಪೌರತ್ವದ ಅರ್ಜಿಗೆ ಅರ್ಜಿದಾರನನ್ನು ವರ್ಷಗಳಿಂದ ಬಲ್ಲ ಇಬ್ಬರು ಸಾಕ್ಷಿ ಹಾಕಬೇಕಿತ್ತು. ಯಾರ ಪರವಾಗಿ ಯಾರು ಸಾಕ್ಷಿ ನಿಂತರೆಂದು ನೋಡುತ್ತ ಹೋದರೆ ಸ್ನೇಹ ಮತ್ತು ಬಂಧುತ್ವದ ಜಾಲ ಕಾಣತೊಡಗುತ್ತದೆ. ಕ್ಯಾಥೊಲಿಕ್ ಚರ್ಚಿನ ಜ್ಞಾನಸ್ನಾನದ ಪುಸ್ತಕದಲ್ಲಿ ಬರುವ ಧರ್ಮಪಿತ, ಧರ್ಮಮಾತೆಯರ ಹೆಸರುಗಳೂ ಇದೇ ಕೆಲಸ ಮಾಡುತ್ತವೆ. 1917-18ರ ಸೇನಾ ನೋಂದಣಿ ಚೀಟಿಗಳು ಪೌರರಲ್ಲದವರನ್ನೂ ಒಳಗೊಂಡಿದ್ದವು. ಅವುಗಳಲ್ಲಿ ಕೆಲಸ ಮತ್ತು ಕೆಲಸ ಕೊಟ್ಟವರ ಹೆಸರು ಇರುತ್ತದೆ. ಹಡಗಿನ ಪ್ರಯಾಣಿಕರ ಪಟ್ಟಿಯಲ್ಲಿ ಬಿಟ್ಟು ಬಂದ ಊರು, ಸೇರಲಿರುವ ಬಂಧುವಿನ ಹೆಸರು ಸಿಗುತ್ತವೆ.

ಗಣಿ ತನಿಖಾಧಿಕಾರಿಗಳ ವಾರ್ಷಿಕ ವರದಿಗಳನ್ನು ಓದುವಾಗ ಎಚ್ಚರವಿರಲಿ. ಒಬ್ಬಿಬ್ಬರು ಸತ್ತ ಚಿಕ್ಕ ಅಪಘಾತಗಳೂ ಅಲ್ಲಿ ದಾಖಲಾಗಿರುವುದರಿಂದ ಅವು ಅಮೂಲ್ಯ. ಆದರೆ ಆ ಕಾಲದ ಇಂಥ ವರದಿಗಳು ತಪ್ಪನ್ನು ಸತ್ತವನ ಅಜಾಗರೂಕತೆಗೇ ಹೊರಿಸಿಬಿಡುವುದು ಅಪರೂಪವಲ್ಲ. ವರದಿಯ ಮಾತನ್ನು ವರದಿಯ ಮಾತೆಂದೇ ಹೇಳಿ, ನಿಮ್ಮ ತೀರ್ಪಾಗಿ ಬರೆಯಬೇಡಿ.

ಸ್ಥಳಕ್ಕೆ ಹೋಗುವುದನ್ನು ಈ ಓದು ಮುಗಿದ ಮೇಲೆ ಇಟ್ಟುಕೊಳ್ಳಿ. 1992ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿದ ಡಾಸನ್ ಸ್ಮಶಾನದಲ್ಲಿ ಬಿಳಿ ಬಣ್ಣದ ಕಬ್ಬಿಣದ ಶಿಲುಬೆಗಳು ಸಾಲು ಸಾಲಾಗಿ ನಿಂತಿವೆ. ಕೈಯಲ್ಲಿ ಚೀಟಿಗಳಿದ್ದರೆ ಅಲ್ಲಿಯ ಹೆಸರುಗಳು ಮಾತಾಡುತ್ತವೆ. ಸುತ್ತಲಿನ ಹಳೆಯ ಊರಿನ ಜಾಗ ಖಾಸಗಿಯಾದ್ದರಿಂದ ಅನುಮತಿಯಿಲ್ಲದೆ ಕಾಲಿಡಬಾರದು.

ಸಾವಿನ ಪಟ್ಟಿಯಿಂದ ತೊಡಗಿದವರು ಅಲ್ಲಿಯೇ ನಿಂತುಬಿಡುವ ಅಪಾಯವೂ ಇದೆ. ಡಾಸನ್ನಿನಲ್ಲಿ ಜನ ಅರ್ಧ ಶತಮಾನ ಬಾಳಿದ್ದಾರೆ, ಮಕ್ಕಳನ್ನು ಬೆಳೆಸಿದ್ದಾರೆ. ಮುಂದೆ ಕೃಷಿ ಕಾರ್ಮಿಕರ ಸಂಘಟನೆ ಕಟ್ಟಿದ ಡೊಲೊರೆಸ್ ಉಯೆರ್ತಾ 1930ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ಅವರ ತಂದೆ ಗಣಿಯಲ್ಲಿ ದುಡಿದವರು. ಊರು ಅಳಿದ ಮೇಲೂ ಅಲ್ಲಿಯವರು ಮತ್ತು ಅವರ ವಂಶದವರು ಎರಡು ವರ್ಷಕ್ಕೊಮ್ಮೆ ಕೂಡುತ್ತ ಬಂದಿದ್ದಾರೆ. ಇಂಥವರನ್ನು ಮಾತಾಡಿಸುವಾಗ ಬದುಕು ಹೇಗಿತ್ತೆಂದು ಕೇಳಿದರೆ ಚೆನ್ನಾಗಿತ್ತು ಎಂಬ ಉತ್ತರ ಬರುತ್ತದೆ. ಪಕ್ಕದ ಮನೆಯಲ್ಲಿ ಯಾರಿದ್ದರು, ಕಂಪನಿಯ ಅಂಗಡಿಯಲ್ಲಿ ಸಾಲಕ್ಕೆ ಏನು ತರುತ್ತಿದ್ದರು, ಮನೆ ಬಿಟ್ಟ ದಿನ ಯಾವ ಸಾಮಾನನ್ನು ಹೊತ್ತುಕೊಂಡು ಹೋದರು ಎಂದು ಕೇಳಿ. ಕರ್ನಾಟಕದ ಓದುಗರಿಗೆ ಈ ಹಂತ ಇನ್ನೂ ತುರ್ತಿನದು. ಕೋಲಾರದ ಚಿನ್ನದ ಗಣಿ ಮುಚ್ಚಿದ್ದು 2001ರಲ್ಲಿ. ಅಲ್ಲಿ ಇಳಿದು ದುಡಿದವರನ್ನು ಇಂದು ನೇರವಾಗಿ ಕೇಳಬಹುದು, ಡಾಸನ್ನಿನ ವಿಷಯದಲ್ಲಿ ಆ ಅವಕಾಶ ಬಹುಮಟ್ಟಿಗೆ ಕಳೆದುಹೋಗಿದೆ.

ಬರೆಯುವಾಗ ಮನೆಯಿಂದ ಮನೆಗೆ ಸಾಗಿ. ಒಡೆತನ, ಬೆಲೆ, ಮಾರುಕಟ್ಟೆಯ ವಿಷಯಗಳು ಆ ಮನೆಯ ಮೇಲೆ ಪರಿಣಾಮ ಮಾಡಿದ ಕಡೆ ಮಾತ್ರ ಬರಲಿ. ಬದುಕಿರುವವರ ಹೆಸರು ಮತ್ತು ಫೋಟೋಗಳನ್ನು ಅವರ ಒಪ್ಪಿಗೆಯಿಲ್ಲದೆ ಪ್ರಕಟಿಸಬೇಡಿ. ಚೀಟಿಗಳ ಒಂದು ಪ್ರತಿಯನ್ನು, ಯಾವ ಮಾಹಿತಿ ಯಾವ ಕಾಗದದಿಂದ ಬಂತೆಂಬ ಟಿಪ್ಪಣಿಯ ಸಮೇತ, ಆ ಪ್ರದೇಶದ ಗ್ರಂಥಾಲಯಕ್ಕೆ ಕೊಡಿ.