ಯೌವನಸ್ಥರಿಗೆ ಸತ್ಯವೇದವನ್ನು ದಿನದ ಬದುಕಿನೊಂದಿಗೆ ಓದಿಸುವ ಬಗೆ

ಯೌವನಸ್ಥರ ಕೂಟದಲ್ಲಿ ಸತ್ಯವೇದವನ್ನು (ಬೈಬಲನ್ನು) ಏಕೆ ಓದಬೇಕೆಂಬ ಉಪನ್ಯಾಸದಿಂದ ಆರಂಭಿಸಬೇಡಿ. ಆ ವಾರ ಅವರ ನಡುವೆಯೇ ನಡೆದ ಒಂದು ಸಂಗತಿಯಿಂದ ಆರಂಭಿಸಿ. ಉದಾಹರಣೆಗೆ, ಗೆಳೆಯನನ್ನು ಹೀಯಾಳಿಸಿ ವಾಟ್ಸಾಪ್ ಗುಂಪಿಗೆ ಹಾಕಿದ ಒಂದು ಸಾಲು ಹೇಗೆ ಹಬ್ಬಿತೆಂಬುದನ್ನು ಅವರ ಬಾಯಿಂದಲೇ ಹೇಳಿಸಿ, ಬಳಿಕ ಸತ್ಯವೇದದ ಒಂದು ಭಾಗವಾದ ಯಾಕೋಬನ ಪತ್ರಿಕೆಯಲ್ಲಿ ನಾಲಿಗೆಯ ಕುರಿತು ಹೇಳುವ 3ನೆಯ ಅಧ್ಯಾಯವನ್ನು ತೆರೆಸಿ. ಕುದುರೆಯ ಬಾಯಿಗೆ ಹಾಕುವ ಕಡಿವಾಣ, ದೊಡ್ಡ ಹಡಗನ್ನು ತಿರುಗಿಸುವ ಸಣ್ಣ ಚುಕ್ಕಾಣಿ, ಕಾಡನ್ನೇ ಸುಡುವ ಕಿಡಿ ಎಂಬ ಮೂರು ಹೋಲಿಕೆಗಳನ್ನು ಮೂವರು ಜೋರಾಗಿ ಓದಲಿ. ಆ ಸಾಲನ್ನು ಕಳುಹಿಸುವ ಮುನ್ನ ಇದು ನೆನಪಿಗೆ ಬಂದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿ, ಸುಮ್ಮನಿರಿ. ಈ ಮೌನವನ್ನು ತುಂಬಲು ಶಿಕ್ಷಕರು ಅವಸರಪಡುವುದರಿಂದಲೇ (ನಾನೂ ಪಡುತ್ತಿದ್ದೆ) ಪಾಠ ಕೆಡುತ್ತದೆ.

ಹಳೆಯ ಅನುವಾದದ ಕನ್ನಡ ಕೆಲವರಿಗೆ ಕಠಿಣವೆನಿಸಬಹುದು. ಅಂಥ ಪದವನ್ನು ಹಲಗೆಯ ಮೇಲೆ ಬರೆದು ಬಿಡಿಸಿ ಹೇಳಿದರೆ ಸಾಕು.

ಮನೆಯ ಓದಿಗೆ ಸತ್ಯವೇದದ ಜ್ಞಾನೋಕ್ತಿಗಳು ಎಂಬ ಪುಸ್ತಕ ಸೂಕ್ತ: 31 ಅಧ್ಯಾಯಗಳಿರುವುದರಿಂದ ತಾರೀಕಿಗೆ ಒಂದರಂತೆ ತಿಂಗಳೊಳಗೆ ಮುಗಿಯುತ್ತದೆ. ದಿನಕ್ಕೆ ಒಂದೇ ವಚನವನ್ನು ನೋಟ್‌ಬುಕ್ಕಿನಲ್ಲಿ ಬರೆದು, ಅದು ಅಂದು ಎಲ್ಲಿ ಉಪಯೋಗಕ್ಕೆ ಬಂತೆಂಬುದನ್ನು ಕೆಳಗೆ ಗುರುತಿಸಲು ಹೇಳಿ. ಅಂಗಡಿಯಲ್ಲಿ ತಂದೆಗೆ ನೆರವಾಗುವ ಹುಡುಗನಿಗೆ ಅದರ 11ನೆಯ ಅಧ್ಯಾಯದ 1ನೆಯ ವಚನದ ಮೋಸದ ತಕ್ಕಡಿಯ ಮಾತು ವಿವರಣೆಯಿಲ್ಲದೆಯೇ ತಿಳಿಯುತ್ತದೆ. ಬರೆಯದೆ ಬಂದವರನ್ನು ಎಲ್ಲರ ಮುಂದೆ ಕೇಳಬೇಡಿ. ಮುಂದಿನ ವಾರ ಅವರು ಬರುವುದನ್ನೇ ಬಿಟ್ಟಾರು.