ತೋಟೆ ಒತ್ತುವ ಹಳೆಯ ಯಂತ್ರಗಳ ಜೊತೆ ಎಂಟು ತಿಂಗಳು

ಪುಣೆಯ ಕ್ಯಾಂಪಿನಲ್ಲಿ ಒಂದು ಹಳೆಯ ಕೋವಿ ಅಂಗಡಿ ಇದೆ. ಲೈಸೆನ್ಸ್ ಇರುವ ಅಂಗಡಿ, ಮೂರು ತಲೆಮಾರಿನದು. ನಾನು ಭೋಸರಿ ಕೈಗಾರಿಕಾ ಪ್ರದೇಶದ ಟೂಲ್‌ರೂಮ್ ಒಂದರಲ್ಲಿ 31 ವರ್ಷ ಫಿಟ್ಟರ್ ಆಗಿದ್ದವನು. ನಿವೃತ್ತಿಯಾದ ಮೇಲೆ ಆ ಅಂಗಡಿಗೆ ಆಗಾಗ ಹೋಗುತ್ತೇನೆ. ತಕ್ಕಡಿ, ಬೀಗ, ಗೋಡೆ ಗಡಿಯಾರ ಏನಾದರೂ ಕೆಟ್ಟರೆ ರಿಪೇರಿ ಮಾಡಿಕೊಡುತ್ತೇನೆ.

ಎರಡು ವರ್ಷದ ಹಿಂದೆ, ಮಳೆಗಾಲಕ್ಕೆ ಮುಂಚೆ, ಅಲ್ಲಿನ ಹಿಂದಿನ ಕೋಣೆ ಖಾಲಿ ಮಾಡಿಸುತ್ತಿದ್ದರು. ಕಪಾಟಿನ ತಳದಿಂದ ಗೋಣಿಚೀಲ ಸುತ್ತಿದ ಎರಡು ಯಂತ್ರ ಹೊರಬಂದವು. ಎರಡೂ ತೋಟೆ, ಅಂದರೆ ಕೋವಿಯ ಕಾರ್ಟ್ರಿಜ್, ಕೈಯಲ್ಲೇ ತಯಾರಿಸುವ ಯಂತ್ರಗಳು. ಒಂದು ಅಂಗೈ ಮೇಲೆ ಕೂರುವಂಥದ್ದು. ಇನ್ನೊಂದನ್ನು ಎತ್ತಲು ಎರಡೂ ಕೈ ಬೇಕು. "ಕಾಕಾ, ಇವಕ್ಕೆ ಜೀವ ಬರುತ್ತಾ ನೋಡಿ" ಅಂದರು ಮಾಲೀಕರು, ಮರಾಠಿಯಲ್ಲಿ.

ದೊಡ್ಡದನ್ನು ಆಮೇಲೆ ನೋಡಿದೆ. ಮೊದಲು ಕಣ್ಣು ಹೋಗಿದ್ದು ಚಿಕ್ಕದರ ಮೇಲೆ. ಅಂಥದ್ದನ್ನೇ ನಾನು ಆರು ವರ್ಷದವನಿದ್ದಾಗ ಕಂಡಿದ್ದೆ.

ನನ್ನೂರು ಕೊಡಗಿನ ಗೋಣಿಕೊಪ್ಪದ ಹತ್ತಿರ. ಅಜ್ಜನ ಹತ್ತಿರ ಎರಡು ನಳಿಗೆಯ ತೋಟೆ ಕೋವಿ ಇತ್ತು. ನಮ್ಮ ಆಯುಧ ಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ಕೋವಿಗೆ ತೋಕ್ ಪೂ ಅನ್ನುವ ಹೂ ಸಿಕ್ಕಿಸಿ ಪೂಜೆ ಮಾಡುತ್ತಿದ್ದರು. ನನಗೆ ಕೋವಿಗಿಂತ ಜಾಸ್ತಿ ಇಷ್ಟವಾಗಿದ್ದು ಜಗಲಿಯ ಹಲಗೆಗೆ ಬಿಗಿದಿರುತ್ತಿದ್ದ ಇಂಥದ್ದೇ ಪುಟ್ಟ ಯಂತ್ರ. ಪಕ್ಕಕ್ಕೆ ಒಂದು ಹಿಡಿ, ಮರದ ಗುಬುಟು. ಆಗ ತೋಟೆಯ ಹೊರಕೋಶ ಕಾಗದದ್ದು. ಅಜ್ಜ ಅದನ್ನು ಇದರೊಳಗೆ ಕೂರಿಸಿ ಹಿಡಿ ತಿರುಗಿಸಿದರೆ ಕಾಗದದ ಬಾಯಿ ದುಂಡಗೆ ಒಳಗೆ ಮಡಚಿಕೊಳ್ಳುತ್ತಿತ್ತು. ಹೋಳಿಗೆಯ ಅಂಚು ಮುಚ್ಚಿದ ಹಾಗೆ. ಮಳೆಗಾಲದಲ್ಲಿ ಕಾಗದ ತೇವ ಕುಡಿದು ಉಬ್ಬುತ್ತಿತ್ತು. ಉಬ್ಬಿದ ತೋಟೆ ನಳಿಗೆಗೆ ಹೋಗುವುದಿಲ್ಲ. ಅದಕ್ಕೇ ಅಜ್ಜ ತೋಟೆಗಳನ್ನು ಅಡುಗೆಮನೆ ಅಟ್ಟದ ಮೇಲೆ, ಬೆಂಕಿಯ ಝಳ ತಾಗದ ಮೂಲೆಯಲ್ಲಿ, ಡಬ್ಬಿಯೊಳಗೆ ಇಡುತ್ತಿದ್ದರು.

ಊರಿನ ಆ ಯಂತ್ರ ಈಗಲೂ ಚಿಕ್ಕಪ್ಪನ ಮನೆಯಲ್ಲಿದೆ. ಪುಣೆಗೆ ತರುವ ಆಸೆ ಬಹಳ ಇತ್ತು, ತರಲಿಲ್ಲ. ಕಾರಣ ಹೇಳಲೇಬೇಕು, ಯಾಕೆಂದರೆ ಇದು ತುಂಬಾ ಜನಕ್ಕೆ ಗೊತ್ತಿಲ್ಲ. 1959ರ ಆಯುಧ ಕಾಯ್ದೆಯಲ್ಲಿ ಮದ್ದುಗುಂಡು ಅನ್ನುವ ಪದದ ಅರ್ಥದೊಳಗೇ ಅದನ್ನು ತಯಾರಿಸುವ ಯಂತ್ರವೂ ಸೇರಿದೆ. ಕೊಡವರಿಗೆ ಕೋವಿ ಇಟ್ಟುಕೊಳ್ಳಲು ವಿನಾಯಿತಿ ಇದೆ, ನಿಜ. ತೋಟೆ ತಯಾರಿಸುವುದು ಬೇರೆ ಮಾತು, ಅದಕ್ಕೆ ಬೇರೆಯೇ ಅನುಮತಿ ಬೇಕು. ಹಾಗಾಗಿ ತೋಟೆ ಒತ್ತುವ ಹಳೆಯ ಪ್ರೆಸ್ ಕಂಡ ಕೂಡಲೇ ಗುಜರಿಯಲ್ಲಿ ಕೊಂಡು ಮನೆಗೆ ತಂದು ಶೋಕೇಸಿನಲ್ಲಿ ಇಡುವ ಸಾಮಾನು ಇದಲ್ಲ. ಮೊದಲು ವಕೀಲರನ್ನು ಕೇಳಿ. ನಾನು ಈ ಎರಡರ ಕೆಲಸವನ್ನೂ ಅಂಗಡಿಯ ಒಳಗೇ, ಅವರ ಲೈಸೆನ್ಸಿನ ಕೆಳಗೇ ಮಾಡಿದೆ. ಒಂದು ತೋಟೆಯನ್ನೂ ತುಂಬಿಲ್ಲ, ತುಂಬುವ ಯೋಚನೆಯೂ ಇಲ್ಲ. ನನಗೆ ಬೇಕಾಗಿದ್ದು ಯಂತ್ರ.

ಚಿಕ್ಕದರ ಮೈಮೇಲೆ ಹೆಸರಿತ್ತು: ಜೇಮ್ಸ್ ಡಿಕ್ಸನ್ ಅಂಡ್ ಸನ್ಸ್, ಶೆಫೀಲ್ಡ್. 1806ರಲ್ಲಿ ಶುರುವಾದ ಕಂಪನಿ. ಟೀಪಾಟು, ಚಮಚ, ತಟ್ಟೆ ಮಾಡುತ್ತಿದ್ದವರು. ಕೋವಿಮದ್ದು ತುಂಬಿಡುವ ಬುರುಡೆ, ತೋಟೆಯ ಸಲಕರಣೆ ಕೂಡ ಅವರೇ ಮಾಡುತ್ತಿದ್ದರು. ಆ ಹಿಡಿಯ ಬಾಗು ನೋಡಿದರೆ ಟೀಪಾಟು ಮಾಡಿದ ಕೈಯೇ ಅಂತ ಗೊತ್ತಾಗುತ್ತದೆ.

ಆ ಹೆಸರಿನ ವಿಷಯದಲ್ಲೇ ನಾನು ತಪ್ಪು ಮಾಡಿದೆ. ಮೊದಲ ದಿನವೇ ಆತುರ. ತಂತಿ ಬ್ರಷ್ಷನ್ನು ಡ್ರಿಲ್ಲಿಗೆ ಹಾಕಿ ತುಕ್ಕು ಉಜ್ಜಿದೆ. ಎರಡೇ ನಿಮಿಷ. ತುಕ್ಕು ಹೋಯಿತು, ಅದರ ಜೊತೆ ಅಚ್ಚಾಗಿದ್ದ ಅಕ್ಷರಗಳ ಅಂಚೂ ಸವೆಯಿತು. ನೂರು ವರ್ಷದ ಮಳೆಗಾಲ ಅಳಿಸದೆ ಬಿಟ್ಟಿದ್ದನ್ನು ನಾನು ಎರಡು ನಿಮಿಷದಲ್ಲಿ ಅರ್ಧ ಅಳಿಸಿದೆ. ಈಗಲೂ ಅದನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಹೆಸರು ಓದಲು ಬರುತ್ತದೆ. ಅವತ್ತಿನಿಂದ ಡ್ರಿಲ್ ಮುಟ್ಟಲಿಲ್ಲ. ಉಳಿದದ್ದೆಲ್ಲ ಸೀಮೆಎಣ್ಣೆ, ಹಳೆಯ ಪಂಚೆ ಬಟ್ಟೆ, ತೆಂಗಿನ ಚಿಪ್ಪಿನ ಚೂರು. ಚಿಪ್ಪಿನ ಅಂಚು ತುಕ್ಕನ್ನು ಎಬ್ಬಿಸುತ್ತದೆ, ಕಬ್ಬಿಣವನ್ನು ಗೀರುವುದಿಲ್ಲ.

ದೊಡ್ಡದು ಬೇರೆಯೇ ಲೋಕದ್ದು. ಹಸಿರು ಬಣ್ಣ, ಎರಕದ ಮೈ, ಅದರ ಮೇಲೆ ಉಬ್ಬಿದ ಅಕ್ಷರ: ಆರ್‌ಸಿಬಿಎಸ್, ಜೂನಿಯರ್. ಬಹಳ ಹಿಂದೆ ಅಮೆರಿಕದಿಂದ ಬಂದ ಗಿರಾಕಿಯೊಬ್ಬರು ಬಿಟ್ಟುಹೋಗಿದ್ದಂತೆ.

ಇದರ ಹಿಂದಿನ ಕತೆ ನನಗೆ ತುಂಬಾ ಇಷ್ಟ. ಅಮೆರಿಕದಲ್ಲಿ ಊರಿನಿಂದ ದೂರ ಇರುವ ಬೇಟೆಗಾರರು ಖಾಲಿ ಹಿತ್ತಾಳೆ ಕೋಶವನ್ನು ಎಸೆಯುತ್ತಿರಲಿಲ್ಲ. ಮತ್ತೆ ತುಂಬಿಕೊಳ್ಳುತ್ತಿದ್ದರು. 1884ರಲ್ಲಿ ಜಾನ್ ಬಾರ್ಲೋ ಎಂಬುವರು ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿ ಐಡಿಯಲ್ ಅನ್ನುವ ಕಂಪನಿ ಶುರು ಮಾಡಿ, ಇಕ್ಕಳದ ಹಾಗಿರುವ ಕೈ ಸಲಕರಣೆ ಮಾಡಿ ಮಾರಿದರು. ಜೇಬಿನಲ್ಲಿ ಹೋಗುತ್ತಿತ್ತು. ಕೆಲವದರ ತುದಿಯಲ್ಲಿ ಸೀಸ ಎರಕ ಹೊಯ್ಯುವ ಅಚ್ಚೂ ಇರುತ್ತಿತ್ತು. ಆ ಕಂಪನಿ 1925ರಲ್ಲಿ ಲೈಮನ್ ಕೈಗೆ ಹೋಯಿತು. ಇಕ್ಕಳದಿಂದ ಮೇಜಿಗೆ ಬಿಗಿಯುವ ಪ್ರೆಸ್ ಬಂದದ್ದು ಆಮೇಲೆ.

1943ರಲ್ಲಿ ಯುದ್ಧ ನಡೆಯುತ್ತಿದೆ, ಗುಂಡು ಸಿಗುತ್ತಿಲ್ಲ. ಕ್ಯಾಲಿಫೋರ್ನಿಯಾದ ಒರೊವಿಲ್‌ನಲ್ಲಿ ಫ್ರೆಡ್ ಹಂಟಿಂಗ್ಟನ್ ಅನ್ನುವವರು ತಂದೆಯ ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಕೂತು, ಹಾರಿಸಿ ಬಿಟ್ಟ ಸಣ್ಣ ತೋಟೆಯ ಖಾಲಿ ಕೋಶವನ್ನೇ ಒತ್ತಿ ಗುಂಡಿನ ಹೊರ ಹೊದಿಕೆ ಮಾಡಿದರು. ರಾಕ್ ಚಕ್ ಅಂದರೆ ಅಲ್ಲಿನ ಬಂಡೆ ಸಂದಿಯಲ್ಲಿ ಇರುವ ಒಂದು ಅಳಿಲಿನ ಜಾತಿ, ಅದನ್ನು ಹೊಡೆಯುವ ಗುಂಡು ಇದು. 'ರಾಕ್ ಚಕ್ ಬುಲೆಟ್ ಸ್ವೇಜ್' ಅನ್ನುವ ಆ ಅಚ್ಚಿನ ಹೆಸರಿನ ಮೊದಲಕ್ಷರಗಳೇ ಆರ್‌ಸಿಬಿಎಸ್. ಲೋಹವನ್ನು ಹಾಗೆ ಒತ್ತಿ ರೂಪ ಕೊಡಲು ಬಹಳ ಬಲ ಬೇಕು. ಪುಟ್ಟ ಪ್ರೆಸ್ಸು ತಡೆಯುವುದಿಲ್ಲ. ಅವರ ಪ್ರೆಸ್ಸುಗಳು ಇಷ್ಟು ಗಟ್ಟಿಯಾಗಿ ಬೆಳೆದದ್ದಕ್ಕೆ ಮೂಲ ಅದೇ ಅಂತ ನನ್ನ ಲೆಕ್ಕ.

ಹಳೆಯ ಪ್ರೆಸ್ಸುಗಳಲ್ಲಿ ಬಹಳಷ್ಟು ಇಂಗ್ಲಿಷಿನ 'ಸಿ' ಅಕ್ಷರದ ಹಾಗೆ ಇರುತ್ತವೆ. ಮುಂದೆ ತೆರೆದ ಬಾಯಿ, ಕೈ ಹಾಕಲು ಸಲೀಸು. ಆದರೆ ಜೋರಾಗಿ ಒತ್ತಿದರೆ ಆ ಬಾಯಿ ಕಣ್ಣಿಗೆ ಕಾಣದಷ್ಟು ಅಗಲವಾಗುತ್ತದೆ, ಮೇಲಿನದೂ ಕೆಳಗಿನದೂ ಒಂದೇ ಗೆರೆಯಲ್ಲಿ ಇರುವುದಿಲ್ಲ. 'ಓ' ಆಕಾರದ ಮೈಯಲ್ಲಿ ಬಲ ಎರಡೂ ಪಕ್ಕಕ್ಕೆ ಹಂಚಿಹೋಗುತ್ತದೆ. ಈ ಜೂನಿಯರ್ 'ಓ' ಜಾತಿಯದು.

ಆದರೆ ಇದು ಅಲ್ಲಾಡುತ್ತಲೇ ಇರಲಿಲ್ಲ. ಮೇಲೆ ಕೆಳಗೆ ಓಡಾಡಬೇಕಾದ ದಪ್ಪ ದಂಡ, ಅಂದರೆ ರಾಮ್, ಅರ್ಧಕ್ಕೆ ಕಚ್ಚಿಕೊಂಡಿತ್ತು. ಹಳೆಯ ಗ್ರೀಸು ಒಣಗಿ ಹಲಸಿನ ಮೇಣದ ಹಾಗಾಗಿತ್ತು. ಇಲ್ಲಿ ಸುತ್ತಿಗೆ ಎತ್ತಬಾರದು. ಎರಕದ ಕಬ್ಬಿಣ ಬಾಗುವುದಿಲ್ಲ, ಸೀಳುತ್ತದೆ. ಹದಿನೈದು ದಿನ ಡೀಸೆಲ್ ಹನಿಸುತ್ತಾ ಹೋದೆ. ದಿನಕ್ಕೆರಡು ಸಲ ಕೂದಲು ಒಣಗಿಸುವ ಡ್ರೈಯರ್‌ನಿಂದ ಸುತ್ತಲೂ ಬಿಸಿ ಕೊಟ್ಟೆ. ಹದಿನಾರನೆಯ ದಿನ ಹಿಡಿ ಒಂದು ಬೆರಳು ಇಳಿಯಿತು. ಅಂದು ಅಲ್ಲಿಗೇ ನಿಲ್ಲಿಸಿ ಮನೆಗೆ ಹೋದೆ.

ರಾಮ್ ಹೊರಬಂದಾಗ ಒಂದು ವಿಚಿತ್ರ ಕಂಡೆ. ತುಕ್ಕು ಎಲ್ಲ ಕಡೆ ಸಮ ಇರಲಿಲ್ಲ. ಹಳೆಯ ಕೇಪು, ಅಂದರೆ ತೋಟೆಯ ತಳದಲ್ಲಿ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು, ಬೀಳುವ ಸೀಳಿನ ಸುತ್ತ ಮಾತ್ರ ಗುಳಿ ಗುಳಿಯಾಗಿ ತಿಂದಿತ್ತು. ಇದನ್ನು ಬಿಡಿಸಿ ಹೇಳಿದ್ದು ನಮ್ಮ ಸೊಸೈಟಿಯಲ್ಲಿರುವ ವಿಜಯಪುರದ ಹಿರಿಯರು, ಖಡ್ಕಿಯ ಮದ್ದುಗುಂಡು ಕಾರ್ಖಾನೆಯಿಂದ ನಿವೃತ್ತರಾದವರು. 1869ರಲ್ಲಿ ಶುರುವಾದ ಕಾರ್ಖಾನೆ ಅದು. ಊರಲ್ಲಿ ನೋಡಿದ ತ್ರೀ ನಾಟ್ ತ್ರೀ ರೈಫಲ್ಲಿನ ಖಾಲಿ ಕೋಶಗಳ ತಳದಲ್ಲಿ ಇರುತ್ತಿದ್ದ 'ಕೆ ಎಫ್' ಗುರುತು ಅಲ್ಲಿನದೇ.

"ಹಳೇ ಕೇಪಿನಾಗ ಕ್ಲೋರೇಟ್ ಇರ್ತಿತ್ರಿ" ಅಂದರು ಅವರು. "ಸುಟ್ಟ ಮ್ಯಾಲ ಉಪ್ಪು ಉಳೀತೈತಿ. ಉಪ್ಪು ನೀರ ಎಳೀತೈತಿ. ನೀವು ಎಣ್ಣಿ ಎಷ್ಟ ಹಚ್ಚಿದ್ರೂ ಉಪ್ಪು ಹೋಗಂಗಿಲ್ಲ. ಬಿಸಿನೀರಾಗ ತೊಳೀರಿ ಮೊದ್ಲ."

ನಲವತ್ತು ವರ್ಷ ಕಬ್ಬಿಣಕ್ಕೆ ನೀರು ತಾಗಬಾರದು ಅಂತ ಕಲಿತ ಕೈ ನನ್ನದು. ಆದರೂ ಕುದಿನೀರಲ್ಲೇ ತೊಳೆದೆ, ಕೂಡಲೇ ಒರೆಸಿ, ಬಿಸಿ ಕೊಟ್ಟು ಒಣಗಿಸಿ, ಆಮೇಲೆ ಎಣ್ಣೆ. ಗ್ಲೌಸ್ ಹಾಕಿಯೇ ಮಾಡಿದೆ. ಕೇಪಿನ ಮಸಿಯಲ್ಲಿ ಸೀಸ ಇರುತ್ತದೆ, ಒಣ ಧೂಳನ್ನು ಊದಬಾರದು. ತೊಳೆದ ಜಾಗದಲ್ಲಿ ಎರಡು ಮಳೆಗಾಲ ಕಳೆದರೂ ತುಕ್ಕು ಮತ್ತೆ ಬಂದಿಲ್ಲ.

ಅವರು ಇನ್ನೊಂದು ಮಾತೂ ಹೇಳಿದರು. "ಕೋಶದ ತಳಾ ನೋಡ್ರಿ. ಒಂದ ತೂತ ಐತೇನ, ಎರಡ ಅದಾವೇನ?" ಇಡೀ ಪ್ರೆಸ್ಸಿನ ಇತಿಹಾಸ ಆ ತೂತಿನಲ್ಲಿದೆ. 1860ರ ದಶಕದಲ್ಲಿ ಎರಡು ಬಗೆಯ ಕೇಪು ಬಂದವು. ಬಾಕ್ಸರ್ ಎಂಬ ಇಂಗ್ಲಿಷ್ ಸೇನಾಧಿಕಾರಿಯದಕ್ಕೆ ಕೋಶದ ನಡುವೆ ಒಂದೇ ತೂತು. ಬರ್ಡನ್ ಎಂಬ ಅಮೆರಿಕನ್ನರದಕ್ಕೆ ಸಾಮಾನ್ಯವಾಗಿ ಎರಡು ಸಣ್ಣ ತೂತು, ಪಕ್ಕಪಕ್ಕದಲ್ಲಿ. ನಡುವೆ ಒಂದೇ ತೂತಿದ್ದರೆ ಮೇಲಿನಿಂದ ಒಂದು ಸೂಜಿ ಇಳಿದು ಹಳೆಯ ಕೇಪನ್ನು ತಳ್ಳಿಬಿಡುತ್ತದೆ. ಪ್ರೆಸ್ಸಿನ ಕೆಲಸ ಸಲೀಸಾಗುವುದೇ ಅಲ್ಲಿ. ಎರಡು ತೂತಿದ್ದರೆ ಆ ಸೂಜಿ ಗೋಡೆಗೆ ಬಡಿದು ಮುರಿಯುತ್ತದೆ. ಹಾಗಾಗಿ ಮರಳಿ ತುಂಬುವ ರೂಢಿಯಿದ್ದ ಅಮೆರಿಕ ಇಂಗ್ಲಿಷಿನವರ ಕೇಪನ್ನು ಹಿಡಿಯಿತು. ಯುರೋಪಿನ ಸೈನ್ಯಗಳಲ್ಲಿ ಅಮೆರಿಕನ್ನರ ಕೇಪು ನಿಂತಿತು. ಹಸಿರು ಪ್ರೆಸ್ಸು ಅಲ್ಲಿ ಹುಟ್ಟಿ, ಇಲ್ಲಿ ಕಪಾಟಿನ ತಳ ಸೇರಿದ್ದಕ್ಕೆ ಇದೂ ಒಂದು ಕಾರಣ ಇರಬೇಕು.

ಈಗ ಗೆರೆ ಸರಿ ಇದೆಯಾ ನೋಡಬೇಕಿತ್ತು. ಮೇಲೆ ಕೋಶಕ್ಕೆ ರೂಪ ಕೊಡುವ ಅಚ್ಚು ಕೂರುವ ತೂತಿನ ಮರೆ ಅಂದರೆ ಥ್ರೆಡ್ 7/8 ಇಂಚು, ಇಂಚಿಗೆ 14 ಎಳೆ. ಎಷ್ಟೋ ಕಂಪನಿ ಬಂದುಹೋದರೂ ಈ ಅಳತೆ ಉಳಿದುಕೊಂಡಿದೆ. ಹಳೆಯ ಪ್ರೆಸ್ಸಿಗೆ ಇವತ್ತಿನ ಅಚ್ಚು ಕೂರುತ್ತದೆ. ಆದರೆ ಭೋಸರಿಯಲ್ಲಿ ಈಗ ಎಲ್ಲ ಮೆಟ್ರಿಕ್. ಆ ಅಳತೆಯ ಮರೆ ಸರಿಯಿದೆಯಾ ನೋಡುವ ರಿಂಗ್ ಗೇಜಿಗಾಗಿ ಡೆಕ್ಕನ್ ಕ್ವೀನ್ ಹತ್ತಿ ಮುಂಬೈಗೆ ಹೋಗಿ ನಾಗದೇವಿ ಬೀದಿಯಲ್ಲಿ ಅರ್ಧ ದಿನ ಅಲೆದೆ. ಹನ್ನೊಂದನೆಯ ಅಂಗಡಿಯಲ್ಲಿ ಸಿಕ್ಕಿತು. ಸ್ನೇಹಿತನ ಲೇತಿನಲ್ಲಿ ಒಂದು ಪ್ಲಗ್ ತಿರುಗಿಸಿ ಮೇಲಿನ ತೂತಿಗೆ ಹಾಕಿದೆ. ರಾಮ್‌ನ ತಲೆಗೆ ಕೂದಲೆಳೆಯ ಅಂತರ ಅಳೆಯುವ ಡಯಲ್ ಗೇಜ್ ಕಟ್ಟಿ, ಹಿಡಿಯನ್ನು ಅದಕ್ಕೆ ಜೋಡಿಸುವ ಕೊಂಡಿ ಬಿಚ್ಚಿ, ರಾಮನ್ನು ಕೈಯಲ್ಲಿ ಸುತ್ತಲೂ ತಿರುಗಿಸಿದೆ. ಮುಳ್ಳು ತೋರಿಸಿದ ವ್ಯತ್ಯಾಸ 0.06 ಮಿಲಿಮೀಟರ್. ಒಂದು ತಲೆಕೂದಲಿನಷ್ಟು! ಇಷ್ಟು ವರ್ಷದ ಮೇಲೂ. ನಾನು ಅಂಗಡಿಯ ಸ್ಟೂಲ್ ಮೇಲೆ ಸುಮ್ನೆ ಕೂತುಬಿಟ್ಟೆ.

ಸವೆದದ್ದು ಪಿನ್ನುಗಳು. ಕೊಂಡಿಯ ಪಿನ್ ಎರಡೂ ಮೊಟ್ಟೆಯಾಕಾರ ಆಗಿದ್ದವು, ತೂತುಗಳೂ. ತೂತು ಸರಿಮಾಡಬೇಕಾದರೆ ಅದನ್ನು ಕೆರೆದು ದುಂಡಗೆ ಮಾಡುವ ರೀಮರ್ ಹಾಕಬೇಕು. ರೀಮರ್ ಹಾಕಿದರೆ ಹಳೆಯ ಲೋಹ ಹೋಯಿತು, ಮತ್ತೆ ಬರುವುದಿಲ್ಲ. ಡಿಕ್ಸನ್ ಹೆಸರು ಅಳಿಸಿದ ನೆನಪಿಗೆ ಮೂರು ದಿನ ಕೈ ಹಾಕಲಿಲ್ಲ. ಕೊನೆಗೆ ಕೊಂಡಿಗಳಿಗೆ ಮಾತ್ರ ರೀಮರ್ ಹಾಕಿ, ಸಿಲ್ವರ್ ಸ್ಟೀಲ್ ಅನ್ನುವ ಗಟ್ಟಿ ಉಕ್ಕಿನಲ್ಲಿ ಹೊಸ ಪಿನ್ ಮಾಡಿದೆ. ಎರಕದ ಮೈಯನ್ನೂ ರಾಮನ್ನೂ ಮುಟ್ಟಲಿಲ್ಲ. ಹಸಿರು ಬಣ್ಣ ಅಲ್ಲಲ್ಲಿ ಎದ್ದಿದೆ. ಮಾಲೀಕರಿಗೆ ಹೊಸ ಬಣ್ಣ ಹೊಡೆಸುವ ಮನಸ್ಸಿತ್ತು, ಬೇಡ ಅಂದೆ. ಹಿಡಿ ಹಿಡಿಯುವ ಕೈ ಎಲ್ಲಿ ಆನಿಕೊಳ್ಳುತ್ತಿತ್ತು ಅನ್ನುವುದು ಆ ಬಣ್ಣ ಹೋದ ಜಾಗದಲ್ಲೇ ತಿಳಿಯುವುದು, ಅಲ್ವಾ?

ಜೋಡಿಸಿ ಮೊದಲ ಸಲ ಹಿಡಿ ಎಳೆದಾಗ ಯಾಕೆ ಜನ ಇವುಗಳಿಗೆ ಮನಸೋಲುತ್ತಾರೆ ಅಂತ ಕೈಗೇ ಗೊತ್ತಾಯಿತು. ಅವ್ವ ನೂಲ್‌ಪುಟ್ಟು ಅನ್ನುವ ಶಾವಿಗೆ ಒತ್ತುತ್ತಿದ್ದ ಒರಳಿನಲ್ಲಿ ಬಲ ಮೊದಲಿನಿಂದ ಕೊನೆವರೆಗೂ ಒಂದೇ. ಇದರದ್ದು ಹಾಗಲ್ಲ. ಮಡಚಿದ ಮೊಣಕಾಲಿನ ಹಾಗಿರುವ ಕೊಂಡಿ ಇದರದ್ದು. ಶುರುವಿನಲ್ಲಿ ರಾಮ್ ಬೇಗ ಏರುತ್ತದೆ, ಬಲ ಕಡಿಮೆ. ಮೊಣಕಾಲು ನೇರ ಆಗುತ್ತಾ ಬಂದ ಹಾಗೆ ಏರುವ ವೇಗ ತಗ್ಗುತ್ತದೆ, ಬಲ ಏರುತ್ತಾ ಹೋಗುತ್ತದೆ. ಕೊನೆಯ ಒಂದು ಬೆರಳಿನಷ್ಟು ಹಾದಿಯಲ್ಲಿ ಕೈಗೆ ಭಾರವೇ ಇಲ್ಲ, ಯಂತ್ರದಲ್ಲಿ ಮಾತ್ರ ಆನೆಬಲ. ಒಂದು ಅಲ್ಯೂಮಿನಿಯಂ ಚೂರನ್ನು ಪ್ಲಗ್ಗಿಗೂ ರಾಮ್‌ಗೂ ನಡುವೆ ಇಟ್ಟು ಎಳೆದೆ. ಬಾಗಿಲ ಚಿಲಕ ಹಾಕಿದಷ್ಟೇ ಶ್ರಮ. ಚೂರು ಹಪ್ಪಳವಾಗಿತ್ತು. ಅದು ಚಪ್ಪಟೆಯಾಗುವ ಹೊತ್ತು ಹಿಡಿಯಲ್ಲಿ ಒಂದು ಸಣ್ಣ ತಡೆ, ಆಮೇಲೆ ಸಡಿಲ. ಒಳಗೆ ಏನು ನಡೆಯುತ್ತಿದೆ ಅಂತ ಕಬ್ಬಿಣ ಅಂಗೈಗೆ ಹೇಳುತ್ತದೆ.

ಎರಡೂ ಈಗ ಅಂಗಡಿಯ ಗಾಜಿನ ಬೀರುವಿನಲ್ಲಿವೆ, ಬೀಗ ಹಾಕಿ. ತಿಂಗಳಿಗೊಮ್ಮೆ ಹೋಗಿ ಎಣ್ಣೆ ಬಟ್ಟೆ ಆಡಿಸಿ ಬರುತ್ತೇನೆ. ಸವೆದ ಹಳೆಯ ಪಿನ್ ಎರಡನ್ನೂ ಎಣ್ಣೆ ಕಾಗದದಲ್ಲಿ ಸುತ್ತಿ ಪ್ರೆಸ್ಸಿನ ಪಾದಕ್ಕೆ ಕಟ್ಟಿದ್ದೇನೆ. ಜೊತೆಗೆ ಒಂದು ಚೀಟಿ: ಯಾವ ತೂತಿಗೆ ಎಷ್ಟು ರೀಮರ್ ಹಾಕಿದೆ, ಹೊಸ ಪಿನ್ನಿನ ಅಳತೆ ಎಷ್ಟು, ಯಾವ ತಾರೀಕು. ಡಿಕ್ಸನ್ ಯಂತ್ರದ ಅಕ್ಷರ ಸವೆದದ್ದು ನನ್ನ ಕೈಯಿಂದ ಅಂತಲೂ ಅದರಲ್ಲಿ ಬರೆದಿದ್ದೇನೆ.